ಪುಟ್ಟ ಕುದುರೆ ಏರಿದ ಕೌಬಾಯ್‌ಗಳು: 1938ರ ಒಂದು ವಿಚಿತ್ರ ಸಿನಿಮಾದ ಹಿನ್ನೆಲೆ

‘ದಿ ಟೆರರ್ ಆಫ್ ಟೈನಿ ಟೌನ್’ ಸುಮಾರು ಒಂದು ಗಂಟೆಯ ಕೌಬಾಯ್ ಕಾಮಿಡಿ. ನಾಯಕ, ಖಳನಾಯಕ, ನಾಯಕಿ, ಅಡುಗೆಯವ, ಎಲ್ಲರೂ ಕುಬ್ಜ ಕಲಾವಿದರೇ. ಇಂಥ ಐಡಿಯಾ ಬಂದಿದ್ದಾದರೂ ಎಲ್ಲಿಂದ? ದುಡ್ಡಿನ ಲೆಕ್ಕದಿಂದ.

1930ರ ದಶಕದಲ್ಲಿ ಅಮೆರಿಕದ ಆರ್ಥಿಕತೆ ಕುಸಿದಿತ್ತು. ಜನರನ್ನು ಸೆಳೆಯೋಕೆ ಥಿಯೇಟರ್‌ನವರು ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸುತ್ತಿದ್ದರು. ಒಂದು ದೊಡ್ಡ ಸ್ಟಾರ್‌ಗಳದ್ದು, ಇನ್ನೊಂದು ಅಗ್ಗದ್ದು. ಅಗ್ಗದ್ದನ್ನು ಬೇಗ ಬೇಗ ಸುತ್ತಿ ಕೊಡುವ ಸಣ್ಣ ಕಂಪನಿಗಳ ದಂಡೇ ಹಾಲಿವುಡ್‌ನಲ್ಲಿತ್ತು. ಅವರಿಗೆ ಕೌಬಾಯ್ ಕಥೆ ಹೇಳಿ ಮಾಡಿಸಿದ್ದು, ಯಾಕೆಂದರೆ ಊರಾಚೆಯ ಗುಡ್ಡ, ಬಾಡಿಗೆ ಕುದುರೆ, ಒಂದು ಮರದ ಬೀದಿ ಇದ್ದರೆ ಕೆಲಸ ನಡೆಯುತ್ತಿತ್ತು. ಆದರೆ ಎಲ್ಲರೂ ಅದನ್ನೇ ಮಾಡಿದರೆ ನಿಮ್ಮದನ್ನು ಯಾರು ನೋಡ್ತಾರೆ?

ನಿರ್ಮಾಪಕ ಜೆಡ್ ಬ್ಯೂಯೆಲ್ ಕಥೆ ಬಿಟ್ಟು ಪಾತ್ರವರ್ಗವನ್ನೇ ಬದಲಿಸಿದ. 1937ರಲ್ಲಿ ‘ಹಾರ್ಲೆಮ್ ಆನ್ ದಿ ಪ್ರೈರಿ’ಯಲ್ಲಿ ಕಪ್ಪು ಗಾಯಕ ಹರ್ಬ್ ಜೆಫ್ರೀಸ್‌ನನ್ನು ನಾಯಕನನ್ನಾಗಿ ಮಾಡಿದ. ಕಪ್ಪು ಮಕ್ಕಳಿಗೂ ಒಬ್ಬ ಕೌಬಾಯ್ ಹೀರೋ ಬೇಕು ಅನ್ನೋದು ಜೆಫ್ರೀಸ್ ಆಸೆಯಾಗಿತ್ತು. ಮರುವರ್ಷ ಅದೇ ನಿರ್ದೇಶಕ ಸ್ಯಾಮ್ ನ್ಯೂಫೀಲ್ಡ್ ಜೊತೆ ಟೈನಿ ಟೌನ್. ಮೊದಲನೆಯದರಲ್ಲಿ ನಟನಿಗೂ ಒಂದು ಗುರಿಯಿತ್ತು, ಎರಡನೆಯದರಲ್ಲಿ ಮಾರಾಟಕ್ಕಿಟ್ಟಿದ್ದು ಬರೀ ದೇಹದ ಅಳತೆ.

ತಮಾಷೆ ಅಂದರೆ ಕಥೆ ಪಕ್ಕಾ ಮಾಮೂಲಿ. ದನ ಕದಿಯುವ ಖಳ ಎರಡು ಮನೆತನಗಳ ನಡುವೆ ಬೆಂಕಿ ಹಚ್ಚುತ್ತಾನೆ, ಹುಡುಗ ಒಂದು ಮನೆಯವನು, ಹುಡುಗಿ ಇನ್ನೊಂದು ಮನೆಯವಳು. ನಗು ಬರಬೇಕಾಗಿರೋದು ಸುತ್ತಲಿನ ವಸ್ತುಗಳಿಂದ. ಸವಾರಿಗೆ ಶೆಟ್‌ಲ್ಯಾಂಡ್ ಪೋನಿ ಅನ್ನೋ ಪುಟ್ಟ ತಳಿಯ ಕುದುರೆ. ಬಾರ್‌ನ ಅರ್ಧ ಬಾಗಿಲನ್ನು ಯಾರೂ ತಳ್ಳಲ್ಲ, ಅಡಿಯಿಂದಲೇ ನುಸುಳಿ ಹೋಗ್ತಾರೆ. ಒಂದೆರಡು ಸಲ ನಗಬಹುದು. ಆಮೇಲೆ ಅದೂ ಹಳತಾಗುತ್ತೆ, ಆದರೆ ನಾಯಕ ಬಿಲ್ಲಿ ಕರ್ಟಿಸ್ ಮಾತ್ರ ದೊಡ್ಡ ಸ್ಟಾರ್ ಸಿನಿಮಾದಲ್ಲಿದ್ದ ಹಾಗೆ ಗಂಭೀರವಾಗಿ ಕುದುರೆ ಓಡಿಸ್ತಾನೆ, ಹೊಡೆದಾಡ್ತಾನೆ. ನನಗೆ ಚಿತ್ರದಲ್ಲಿ ಉಳಿದಿರೋದು ಅಷ್ಟೇ.

ಈ ಚಿತ್ರವನ್ನು ಹಂಚಿದ್ದು ಕೊಲಂಬಿಯಾ ಸ್ಟುಡಿಯೊ. ಮರುವರ್ಷ ತೆರೆಕಂಡ ‘ದಿ ವಿಝರ್ಡ್ ಆಫ್ ಆಝ್’ಗೆ ಮಂಚ್‌ಕಿನ್‌ಗಳಾಗಿ, ಅಂದರೆ ಆ ಕಥೆಯ ಪುಟಾಣಿ ಜನರಾಗಿ, ಕರ್ಟಿಸ್ ಸೇರಿ ಇದೇ ತಂಡದ ಹಲವರು ಹೋದರು. ದೊಡ್ಡ ಸ್ಟುಡಿಯೊ, ಬಣ್ಣದ ಚಿತ್ರ, ಆದರೆ ಕೆಲಸ ಸಿಕ್ಕಿದ್ದು ಅದೇ ಎತ್ತರ ನೋಡಿ. ಕರ್ಟಿಸ್ ಮತ್ತೆ ಒಂದು ಒಳ್ಳೆಯ ಕೌಬಾಯ್ ಸಿನಿಮಾದಲ್ಲಿ ಗಮನ ಸೆಳೆದಿದ್ದು 1973ರಲ್ಲಿ, ಕ್ಲಿಂಟ್ ಈಸ್ಟ್‌ವುಡ್‌ನ ‘ಹೈ ಪ್ಲೇನ್ಸ್ ಡ್ರಿಫ್ಟರ್’ನಲ್ಲಿ. ಅಲ್ಲೂ ಊರವರನ್ನು ಅಣಕಿಸೋಕೇ ಅವನನ್ನು ಶೆರಿಫ್ ಮಾಡ್ತಾರೆ, ಮೇಯರ್ ಕೂಡ. ಆದರೆ ಕೊನೆಯಲ್ಲಿ ಈಸ್ಟ್‌ವುಡ್ ಬೆನ್ನಿಗೆ ಗುರಿಯಿಟ್ಟವನನ್ನು ಹೊಡೆದುರುಳಿಸುವುದು ಕರ್ಟಿಸ್‌ನೇ.