ವಸ್ಲಿ: ಚಿಕಣಿ ಚಿತ್ರಕ್ಕೆ ಹಾಳೆ ಹದಮಾಡುವುದು

ರಾಜಸ್ಥಾನಿ, ಪಹಾಡಿ ಶೈಲಿಯ ಚಿಕಣಿ ಚಿತ್ರ ಕಲಿಯುವವರು ಮೊದಲು ಕೊಳ್ಳುವುದು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣ ಕಾಗದ. ಅದರ ದಪ್ಪವೇನೋ ಸಾಕು, ಆದರೆ ಮೈ ತರಿತರಿ. ಅಳಿಲುಬಾಲದ ಕುಂಚದ ಕೂದಲೆಳೆ ಗೆರೆ ಅಲ್ಲಿ ತುಂಡುತುಂಡಾಗಿ ಬೀಳುತ್ತದೆ. ಈ ಚಿತ್ರಗಳಿಗೆ ಬೇಕಾದದ್ದು ವಸ್ಲಿ, ಅಂದರೆ ತೆಳು ಕಾಗದಗಳನ್ನು ಪದರಪದರವಾಗಿ ಅಂಟಿಸಿ ಉಜ್ಜಿದ ಹಾಳೆ.

ಹತ್ತಿನಾರಿನ, ಆಮ್ಲರಹಿತ, 80–100 ಜಿಎಸ್‌ಎಂ ಕೈಕಾಗದದ ಮೂರು ಹಾಳೆ ಆರಿಸಿ. ಜೈಪುರದ ಪಕ್ಕದ ಸಾಂಗಾನೇರಿನಲ್ಲಿ ಕಾಗಜಿ ಕುಟುಂಬಗಳು ಮಾಡುವ ಕಾಗದ ಇದಕ್ಕೆ ಒದಗುತ್ತದೆ. ಮೂಲೆಗೊಂದು ಹನಿ ನೀರು ಬಿಟ್ಟು ನೋಡಿ. ಕೂಡಲೇ ಹೀರಿಕೊಂಡರೆ ಕಾಗದಕ್ಕೆ ಗಂಜಿ ಸಾಲದು, ಬಣ್ಣ ಹರಡುತ್ತದೆ.

ಅಂಟಿಗೆ ಮೈದಾ ಒಂದು ಅಳತೆ, ನೀರು ಐದು ಅಳತೆ. ತಣ್ಣೀರಲ್ಲೇ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹೊಳಪು ಬರುವವರೆಗೆ ಬೇಯಿಸಿ, ಬಟ್ಟೆಯಲ್ಲಿ ಸೋಸಿ. ಹುಳ ತಾಗದಿರಲೆಂದು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಸೇರಿಸುವುದು ಹಳೆಯ ಪದ್ಧತಿ. ಅದು ವಿಷ, ಅಡುಗೆ ಪಾತ್ರೆ ಬೇಡ. ಚಿಟಿಕೆ ಮೀರಲೂಬಾರದು, ತಾಮ್ರ ಕಾಲಾಂತರದಲ್ಲಿ ಕಾಗದದ ನಾರನ್ನೇ ಕೆಡಿಸುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಅಂಟಿಸುವಾಗಲೇ. ಒಣ ಹಾಳೆಗೆ ಅಂಟು ಬಳಿದರೆ ಅದು ಹಿಗ್ಗಿ ಸುಕ್ಕುಗಟ್ಟುತ್ತದೆ. ಹಾಗಾಗಿ ಮೂರೂ ಹಾಳೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಐದು ನಿಮಿಷ ಬಿಟ್ಟು, ಆಮೇಲೆ ತೆಳ್ಳಗೆ ಬಳಿಯಿರಿ. ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿ ಹೊರಡಿಸಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಡಗಿದ ಗುಳ್ಳೆಯ ಅಂಚು ತೆಳು ನೆರಳಾಗಿ ಕಾಣುತ್ತದೆ. ಹಸಿಯಿರುವಾಗ ಸೂಜಿಯಿಂದ ಚುಚ್ಚಿ ಒತ್ತಿದರೆ ಕೂರುತ್ತದೆ. ಒಣಗಿದ ಮೇಲೆ ಉಪಾಯವಿಲ್ಲ, ಉಜ್ಜುವಾಗ ಅಲ್ಲೇ ಹರಿಯುತ್ತದೆ. ಬಿಸಿಲಿಗೆ ಹಾಕಿದರೆ ಅಂಚು ಮೊದಲು ಒಣಗಿ ಹಾಳೆ ಸೊಟ್ಟಗಾಗುತ್ತದೆ. ಹಾಳೆಯನ್ನು ಹೀರುಕಾಗದಗಳ ನಡುವೆ ಇಟ್ಟು, ಮೇಲೆ ಹಲಗೆ, ಭಾರ ಹೇರಿ ಎರಡು ಮೂರು ದಿನ ನೆರಳಲ್ಲೇ ಒಣಗಿಸಿ. ಹೀರುಕಾಗದವನ್ನು ಮರುದಿನವೇ ಬದಲಿಸಿ.

ಪೂರ್ತಿ ಒಣಗಿದ ಹಾಳೆಯನ್ನು ಅಮೃತಶಿಲೆಯ ಮೇಲಿಟ್ಟು ಅಗೇಟ್ ಕಲ್ಲಿನಿಂದಲೋ ದೊಡ್ಡ ಕವಡೆಯಿಂದಲೋ ಎರಡೂ ಮೈ ಉಜ್ಜಿ. ತೇವ ಉಳಿದಿದ್ದರೆ ನಾರು ಎದ್ದು ಜುಂಗಾಗುತ್ತದೆ. ಗಾಜಿನಂತೆ ಆಗುವವರೆಗೂ ಉಜ್ಜಬೇಡಿ, ಬಣ್ಣ ಹಿಡಿಯದೆ ಜಾರುತ್ತದೆ.

ರೇಖಾಚಿತ್ರ ಮುಗಿದ ಮೇಲೆ ಅರೇಬಿಕ್ ಗೋಂದು ಬೆರೆಸಿದ ಬಿಳಿ ಬಣ್ಣವನ್ನು ಗೆರೆ ಮಸುಕಾಗಿ ಕಾಣುವಷ್ಟು ತೆಳ್ಳಗೆ ಬಳಿದು, ಒಣಗಿಸಿ, ಚಿತ್ರವನ್ನು ಮಗುಚಿ ಬೆನ್ನ ಕಡೆಯಿಂದ ಉಜ್ಜಬೇಕು. ಇದೇ ಘುಟಾಯಿ. ಗೋಂದಿನ ಹದವನ್ನು ಮೊದಲೇ ಚೂರುಕಾಗದದ ಮೇಲೆ ನೋಡಿಕೊಳ್ಳಿ: ಬಿಳಿ ಬೆರಳಿಗೆ ಅಂಟಿದರೆ ಗೋಂದು ಕಡಿಮೆ, ತುಸು ಬಾಗಿಸಿದಾಗ ಬಿರುಕು ಬಿಟ್ಟರೆ ಹೆಚ್ಚು.