ದೇವರ ಮುಂದೆ ಆಣೆ ಹಾಕಿಸಿದರೆ ಹೊಡೆತ ನಿಲ್ಲುತ್ತಾ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ, ಬೇಲೂರು ಕಡೆಯ ಒಂದು ಊರು. ಶುಕ್ರವಾರ ಸಂಜೆ ಅಮ್ಮನವರ ಗುಡಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿ ಭಜನೆ ಮಾಡುತ್ತೇವೆ. ನಮ್ಮಲ್ಲೊಬ್ಬಳು ಎರಡು ವಾರದಿಂದ ತಾಳವನ್ನು ಎಡಗೈಯಲ್ಲಿ ಹಾಕುತ್ತಿದ್ದಳು. ಬಲಗೈ ಮಣಿಕಟ್ಟು ಊದಿತ್ತು. ಕೇಳಿದರೆ ಬಚ್ಚಲಲ್ಲಿ ಜಾರಿದೆ ಅಂದಳು. ಆಮೇಲೆ ಒಬ್ಬಳ ಹತ್ತಿರ ಅತ್ತು ನಿಜ ಹೇಳಿದಳು. ಗಂಡನನ್ನು ಕರೆಸಿ ದೇವರ ಮುಂದೆ ಆಣೆ ಹಾಕಿಸೋಣ ಅಂತ ಕೆಲವರು ಅಂತಾರೆ. ಗಂಡ ಹೆಂಡತಿ ವಿಷಯ, ನಮಗ್ಯಾಕೆ ಅಂತ ಇನ್ನು ಕೆಲವರು. ನಾವೇನು ಮಾಡಬೇಕು?

ಉತ್ತರ: ಆಣೆ ಬೇಡ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಉಳಿದದ್ದು ನಿಧಾನಕ್ಕೆ ಮಾತಾಡೋಣ.

ಆಣೆ ಹಾಕಿಸಬೇಕು ಅಂದರೆ ಅವನನ್ನು ಕರೆಸಬೇಕು. ಕರೆಸಿದ ಕೂಡಲೇ ಅವನಿಗೆ ಗೊತ್ತಾಗುತ್ತದೆ, ಇವಳು ಹೊರಗೆ ಬಾಯಿಬಿಟ್ಟಿದ್ದಾಳೆ ಅಂತ. ಗುಡಿಯಲ್ಲಿ ತಲೆ ತಗ್ಗಿಸಿ ನಿಂತು, ಕರ್ಪೂರ ಹಚ್ಚಿ, ಇನ್ನು ಮುಂದೆ ಕೈ ಎತ್ತಲ್ಲ ಅನ್ನುತ್ತಾನೆ. ನೀವೆಲ್ಲ ಸಮಾಧಾನವಾಗಿ ಮನೆಗೆ ಹೋಗುತ್ತೀರಿ. ಅವಳೂ ಮನೆಗೇ ಹೋಗಬೇಕು, ಅವನ ಜೊತೆಗೇ. ಊರವರ ಮುಂದೆ ಮರ್ಯಾದೆ ತೆಗೆದೆ ಅನ್ನುವ ಸಿಟ್ಟು ಅವತ್ತು ರಾತ್ರಿ ಯಾರ ಮೇಲೆ ಇಳಿಯುತ್ತದೆ? ಇನ್ನೊಂದು ತೊಂದರೆಯೂ ಇದೆ. ಆಣೆ ಮುರಿದರೆ ಕೇಳುವವರು ಯಾರು? ಅಮ್ಮ ನೋಡ್ಕೋತಾಳೆ ಅಂತ ನಾವು ಕೈ ತೊಳೆದುಕೊಳ್ಳುತ್ತೇವೆ. ಒಂದು ಸಲ ಪಂಚಾಯ್ತಿ ಆಗಿದೆ ಅಂದಮೇಲೆ ಎರಡನೇ ಸಲ ಅವಳ ಮಾತಿಗೆ ಬೆಲೆಯೂ ಕಡಿಮೆ.

ಆಣೆಯ ಬದಲು ಕೋರ್ಟಿನ ಒಂದು ಆದೇಶ ಸಿಗುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗೆ 2005ರಲ್ಲಿ ಆದ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು. ಹೊಡೆಯಬಾರದು, ಅವಳು ಕೆಲಸ ಮಾಡುವ ಕಡೆ ಹೋಗಿ ಕಾಟ ಕೊಡಬಾರದು, ಫೋನಿನಲ್ಲೂ ಪೀಡಿಸಬಾರದು ಅಂತ. ಇದನ್ನು ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೇಳುವವರು ಯಾರು ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರ ಇದೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಕೇಸ್ ಹಾಕಿದರೆ ಗಂಡನನ್ನು ಒಳಗೆ ಹಾಕ್ತಾರೆ, ಸಂಸಾರ ಮುಗಿಯಿತು ಅಂತ ಹೆದರಿಯೇ ಎಷ್ಟೋ ಜನ ಸುಮ್ಮನಿರುತ್ತಾರೆ. ಈ ಕಾಯ್ದೆಯಡಿ ಅರ್ಜಿ ಹಾಕಿದ ಮಾತ್ರಕ್ಕೆ ಯಾರನ್ನೂ ಬಂಧಿಸುವುದಿಲ್ಲ. ಡೈವೋರ್ಸ್ ಕೇಳಬೇಕಾಗಿಯೂ ಇಲ್ಲ. ಅದೇ ಮನೆಯಲ್ಲಿದ್ದುಕೊಂಡೇ ಹೊಡೆತ ನಿಲ್ಲಿಸಿ ಅಂತ ಕೇಳಬಹುದು. ಮನೆ ಮಾವನ ಹೆಸರಲ್ಲಿದೆ, ಹೊರಗೆ ಹೋಗು ಅಂದರೆ? ಸಂಸಾರ ಮಾಡಿಕೊಂಡಿದ್ದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಕ್ರಿಮಿನಲ್ ದೂರು ಬೇರೆ ದಾರಿ. ಹೆಂಡತಿಯ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ 498ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ, ಮೂರು ವರ್ಷದವರೆಗೆ ಶಿಕ್ಷೆ. ಎರಡರಲ್ಲಿ ಯಾವುದು, ಅಥವಾ ಎರಡೂನಾ, ಅವಳೇ ಹೇಳಲಿ.

ಹೊಡೆತ ಮಾತ್ರ ಹಿಂಸೆ ಅಲ್ಲ ಅನ್ನುವುದನ್ನೂ ಕಾಯ್ದೆ ಬರೆದೇ ಇಟ್ಟಿದೆ. ಬೈಗುಳ, ಅವಮಾನ, ಬಲವಂತದ ದೇಹಸಂಬಂಧ, ದುಡ್ಡು ಕಿತ್ತುಕೊಳ್ಳುವುದು ಎಲ್ಲ ಸೇರುತ್ತದೆ. ಗೃಹಲಕ್ಷ್ಮಿ ದುಡ್ಡು ಬಂದ ದಿನವೇ ಎಟಿಎಂ ಕಾರ್ಡ್ ಗಂಡನ ಜೇಬಿಗೆ ಹೋಗುತ್ತಾ? ಸಂಘದ ಸಾಲ ಅವಳ ಹೆಸರಲ್ಲಿ, ಖರ್ಚು ಅವನದ್ದು, ವಾರದ ಕಂತು ಮಾತ್ರ ಅವಳ ಕೂಲಿಯಿಂದಲಾ? ಭಜನೆಯ ಗೆಳತಿಯರಿಗೆ ಇದು ಬೇರೆಯವರಿಗಿಂತ ಮೊದಲೇ ಕಾಣಿಸುತ್ತದೆ, ಏಕೆಂದರೆ ಸಂಘವೂ ಹೆಚ್ಚುಕಮ್ಮಿ ಅದೇ ಜನರದ್ದು.

ಇನ್ನು "ನಮಗ್ಯಾಕೆ" ಅನ್ನುವವರ ಮಾತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುವ ಗಾದೆ ಜಗಳಕ್ಕೆ ಸರಿ. ಮಣಿಕಟ್ಟು ಊದುವುದಕ್ಕೆ ಜಗಳ ಅನ್ನೋಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44 ಮಂದಿ ಗಂಡನಿಂದ ಹಿಂಸೆ ಆಗಿದೆ ಅಂದಿದ್ದಾರೆ. ಆ ಸಮೀಕ್ಷೆಯಲ್ಲಿ ದೇಶದಲ್ಲೇ ಜಾಸ್ತಿ ಇದ್ದದ್ದು ನಮ್ಮ ರಾಜ್ಯದಲ್ಲಿ. ಹಾಗಾಗಿ ನಿಮ್ಮ ಹನ್ನೆರಡು ಜನರಲ್ಲಿ ಅವಳೊಬ್ಬಳೇ ಅಂದುಕೊಳ್ಳಬೇಡಿ. "ನಮಗ್ಯಾಕೆ" ಅಂದವರನ್ನೂ ಸ್ವಲ್ಪ ಮೆತ್ತಗೆ ಮಾತಾಡಿಸಿ. ಕೆಲವೊಮ್ಮೆ ಆ ಮಾತು ಬರುವುದು ತಾತ್ಸಾರದಿಂದಲ್ಲ, ಭಯದಿಂದ.

ನಂಬಿಕೆಯ ವಿಷಯಕ್ಕೆ ಬರೋಣ, ನಿಮ್ಮ ಪ್ರಶ್ನೆಯ ಬೇರು ಅಲ್ಲೇ ಇರುವುದು. ಸಹಿಸ್ಕೋ, ಹಣೆಬರಹ, ದೇವರು ನೋಡ್ಕೋತಾನೆ. ಈ ಮೂರು ಮಾತು ಕೇಳದ ಹೆಂಗಸು ಇಲ್ಲ. ಆದರೆ ನಮ್ಮ ಹಾಸನಾಂಬೆಯ ಕಥೆ ನೆನಪಿಸಿಕೊಳ್ಳಿ. ವರ್ಷಕ್ಕೊಮ್ಮೆ ಬಾಗಿಲು ತೆಗೆದಾಗ ಸಾಲಲ್ಲಿ ನಿಂತವರೆಲ್ಲ ಹೇಳಿಕೊಳ್ಳುವ ಕಥೆ. ಸೊಸೆ ದಿನಾ ಗುಡಿಗೆ ಬರುತ್ತಿದ್ದಳಂತೆ. ಸಂಶಯಪಟ್ಟ ಅತ್ತೆ ಹಿಂದೆಯೇ ಬಂದು, ದೇವಿಯ ಎದುರೇ ಅವಳ ತಲೆಗೆ ಹೊಡೆದಳಂತೆ. ಸೊಸೆ ಅಮ್ಮಾ ಅಂತ ಕೂಗಿದಳು. ಮುಂದಿನದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ದೇವಿ ಸೊಸೆಯನ್ನು ಕಲ್ಲು ಮಾಡಿ ತನ್ನ ಹತ್ತಿರವೇ ಇಟ್ಟುಕೊಂಡಳು, ಆ ಕಲ್ಲು ವರ್ಷವರ್ಷ ಚೂರುಚೂರೇ ಅಮ್ಮನ ಪಾದದ ಕಡೆ ಸರಿಯುತ್ತಿದೆ ಅಂತ ಕೆಲವರು. ಕಲ್ಲಾದದ್ದು ಸೊಸೆ ಅಲ್ಲ, ಕಾಟ ಕೊಟ್ಟ ಅತ್ತೆ ಅಂತ ಇನ್ನು ಕೆಲವರು. ನನಗೇನೋ ಎರಡನೆಯದೇ ಹಿಡಿಸುತ್ತದೆ. ಯಾವ ಥರ ಹೇಳಿದರೂ, ಸೊಸೆ ಬಾಯಿಬಿಟ್ಟು ಕೂಗಿದಳು. ದೇವಿ ಅವಳಿಗೆ ಹೊಂದಿಕೊಂಡು ಹೋಗು ಅನ್ನಲಿಲ್ಲ.

ಅಕ್ಕಮಹಾದೇವಿ ಕೌಶಿಕನ ಅರಮನೆಯನ್ನೇ ಬಿಟ್ಟು ಹೊರಟವಳು. ಅವಳನ್ನು ನಾವು ಅಕ್ಕ ಅಂತ ಪೂಜಿಸುತ್ತೇವೆ. ಪಕ್ಕದ ಮನೆಯವಳು ಬಿಟ್ಟು ಬಂದರೆ ಅರಿಶಿನ ಕುಂಕುಮಕ್ಕೆ ಕರೆಯಲು ಹಿಂದೆಮುಂದೆ ನೋಡುತ್ತೇವೆ!

ಅರಿಶಿನ ಕುಂಕುಮದ ಮಾತು ಬಂತಲ್ಲ, ನಿಮ್ಮ ಮಂಡಳಿ ಮಾಡಬಹುದಾದ ದೊಡ್ಡ ಕೆಲಸ ಇದೇ ಅಂತ ನನಗನ್ನಿಸುತ್ತದೆ. ಕೋರ್ಟು, ಪೊಲೀಸು ಕೊಡಲಾರದ ಒಂದು ವಸ್ತು ನಿಮ್ಮ ಕೈಯಲ್ಲಿದೆ, ಅದು ಮರ್ಯಾದೆ. ಮನೆ ಬಿಟ್ಟರೆ ಹೊಟ್ಟೆಗೇನು ಅನ್ನುವ ಭಯದಷ್ಟೇ ದೊಡ್ಡದು, ನಾಳೆ ಗೌರಿ ಹಬ್ಬಕ್ಕೆ ಬಾಗಿನ ಯಾರು ಕೊಡ್ತಾರೆ, ಸೀಮಂತಕ್ಕೆ ಯಾರು ಕರೀತಾರೆ ಅನ್ನುವ ಭಯ. ಅವಳು ಗಂಡನ ಮನೆಯಲ್ಲಿದ್ದರೂ ತವರಿಗೆ ಹೋದರೂ ಬಾಗಿನದ ಮೊರದಲ್ಲಿ ಅವಳ ಪಾಲು ಇರಲಿ. ಆರತಿ ತಟ್ಟೆ ಅವಳ ಕೈಗೂ ಬರಲಿ. ಭೀಮನ ಅಮಾವಾಸ್ಯೆಗೆ ಗಂಡನ ಪಾದಪೂಜೆ ಮಾಡಿದೆಯಾ ಅಂತ ಯಾರೂ ಕೆಣಕದಿರಲಿ. ಮಾಡುವುದು ಬಿಡುವುದು ಅವಳಿಷ್ಟ. ತವರಿಗೆ ಬಂದು ಕೂತಳು ಅಂತ ಆಡಿಕೊಳ್ಳುವವರಿಗೆ, ಗೌರಮ್ಮನೇ ವರ್ಷಕ್ಕೊಮ್ಮೆ ತವರಿಗೆ ಬರ್ತಾಳಲ್ವಾ ಅಂತ ನಿಮ್ಮಲ್ಲಿ ಹಿರಿಯರೊಬ್ಬರು ಅಂದರೂ ಸಾಕು.

ಈಗ ಕೆಲಸದ ಮಾತು. ಅವಳು ನಂಬಿ ಹೇಳಿಕೊಂಡ ಆ ಒಬ್ಬ ಗೆಳತಿಯೇ ಮುಂದೆಯೂ ಮಾತಾಡಲಿ. ಹನ್ನೆರಡೂ ಜನ ಹೋಗಿ ಸಾಂತ್ವನ ಹೇಳುವುದು ಬೇಡ. ವಾಟ್ಸಾಪ್ ಗುಂಪಿನಲ್ಲಿ ಅವಳ ವಿಷಯ ಒಂದು ಅಕ್ಷರವೂ ಬೇಡ. ಫೋನು ಅವನ ಕೈಗೂ ಹೋಗುತ್ತದೆ. ಹೂ ಕಟ್ಟುವ ನೆಪ, ಪ್ರಸಾದ ಮಾಡುವ ನೆಪ ಇರಲಿ, ಎದುರಾಬದುರು ಕೂತು ಮಾತಾಡಿ. ಯಾಕೆ ಹೊಡೆದ ಅಂತ ಕೇಳಬೇಡಿ, ಹಾಗೆ ಕೇಳಿದರೆ ತನ್ನದೇ ತಪ್ಪೇನೋ ಅಂತ ಅವಳು ಹುಡುಕತೊಡಗುತ್ತಾಳೆ. "ನಿನ್ನ ಮಾತು ನಂಬ್ತೀನಿ, ನಿನಗೇನು ಬೇಕು ಹೇಳು" ಅನ್ನಿ. ದೂರು ಕೊಡಲ್ಲ ಅಂದರೆ ಅದಕ್ಕೂ ಸರಿ ಅನ್ನಿ. ಬಿಟ್ಟುಹೋದವಳು ತಿರುಗಿ ಅವನ ಹತ್ತಿರವೇ ಬಂದರೂ ಮುಖ ತಿರುಗಿಸಬೇಡಿ. ಹಾಗೆ ಹೋಗಿ ಬಂದು ಮಾಡುವವರು ಬಹಳ ಜನ. ಒಟ್ಟಿಗೆ ಪ್ರಾರ್ಥನೆ ಮಾಡೋಣ ಅಂತ ಅವಳೇ ಕೇಳಿದರೆ ಖಂಡಿತ ಮಾಡಿ. ಹರಕೆ ಹೊತ್ತರೆ ಅವನು ಸರಿಹೋಗ್ತಾನೆ ಅಂತ ಮಾತ್ರ ಭರವಸೆ ಕೊಡಬೇಡಿ.

ಮಣಿಕಟ್ಟನ್ನು ಡಾಕ್ಟರಿಗೆ ತೋರಿಸಿದ್ದಾಳಾ? ಇಲ್ಲವಾದರೆ ಜೊತೆಗೆ ಹೋಗಿ. ಬಚ್ಚಲಲ್ಲಿ ಜಾರಿದೆ ಅಂದರೆ ಚೀಟಿಯಲ್ಲಿ ಜಾರಿದ್ದು ಅಂತಲೇ ಬರೆಯುತ್ತಾರೆ. ಅವಳು ಒಪ್ಪಿದರೆ ನಿಜ ಹೇಳಲಿ, ಗಾಯದ ಕಾರಣ ಬರೆಸಲಿ. ನಾಳೆ ಕೋರ್ಟಿನಲ್ಲಿ ಆ ಚೀಟಿ ಮಾತಾಡುತ್ತದೆ. ಗಾಯದ ಫೋಟೋ ನಿಮ್ಮ ಫೋನಿನಲ್ಲಿ ತೆಗೆದಿಡಿ, ಅವಳದ್ದರಲ್ಲಿ ಬೇಡ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪತ್ರ, ಮದುವೆ ಫೋಟೋ, ಲಗ್ನಪತ್ರಿಕೆ ಇವುಗಳ ಜೆರಾಕ್ಸ್ ಒಂದು ಕವರಿನಲ್ಲಿ ನಂಬಿಕಸ್ತರೊಬ್ಬರ ಮನೆಯಲ್ಲಿರಲಿ. ಒಂದು ಜೊತೆ ಬಟ್ಟೆ, ಸ್ವಲ್ಪ ದುಡ್ಡೂ ಇರಲಿ. ಮನೆ ಬಿಡಬೇಕೆಂದಿದ್ದರೆ ಅದನ್ನು ಅವನಿಗೆ ಹೇಳಿ ಹೊರಡುವುದು ಬೇಡ. ಹೊರಡುವ ಹೊತ್ತೇ ಜಾಸ್ತಿ ಅಪಾಯದ ಹೊತ್ತು.

ಎಲ್ಲಿಗೆ ಹೋಗಬೇಕು? ಹೊಡೆತ ನಡೆಯುತ್ತಿರುವಾಗಲೇ ಆದರೆ 112. ಸಲಹೆಗೆ, ಉಳಿಯಲು ಜಾಗಕ್ಕೆ ಮಹಿಳಾ ಸಹಾಯವಾಣಿ 181. ನೀವೂ ಅವಳ ಪರವಾಗಿ ಫೋನ್ ಮಾಡಬಹುದು. ಕೇಂದ್ರ ಸರ್ಕಾರದ ಯೋಜನೆಯ ಸಖಿ ಕೇಂದ್ರಗಳಿವೆ. ವೈದ್ಯರು, ಕಾನೂನು ಸಲಹೆ, ಪೊಲೀಸ್ ನೆರವು, ಕೆಲವು ದಿನ ತಂಗುವ ಜಾಗ ಎಲ್ಲ ಒಂದೇ ಕಡೆ ಸಿಗಲಿ ಅನ್ನುವುದು ಅವುಗಳ ಉದ್ದೇಶ. ಈ ಕಾಯ್ದೆಗೆಂದೇ ಸಂರಕ್ಷಣಾಧಿಕಾರಿ ಇರುತ್ತಾರೆ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಅವರಿಗೇ ಆ ಹೊಣೆ ಕೊಟ್ಟಿದ್ದಾರೆ. ಅವರು ನಡೆದದ್ದನ್ನೆಲ್ಲ ವರದಿಯಾಗಿ ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟ ನೆರೆಯವರ ಮೇಲೆ ಕೇಸ್ ಬೀಳದಂತೆ ಕಾಯ್ದೆಯ 4ನೇ ಕಲಂ ಕಾಪಾಡುತ್ತದೆ. ಆದರೂ ಅವಳನ್ನು ಕೇಳದೆ ಮಾಹಿತಿ ಕೊಡಲು ಹೋಗಬೇಡಿ, ಜೀವಕ್ಕೇ ಅಪಾಯ ಅನ್ನಿಸಿದರೆ ಮಾತ್ರ ಕಾಯಬೇಡಿ.

ವಕೀಲರಿಗೆ ದುಡ್ಡೆಲ್ಲಿಂದ ಅನ್ನಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೋ ಜಿಲ್ಲಾ ಪ್ರಾಧಿಕಾರದಲ್ಲೋ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಸ್ ಚಾರ್ಜಿನ ಚಿಂತೆಯೂ ಶಕ್ತಿ ಯೋಜನೆ ಬಂದ ಮೇಲೆ ಇಲ್ಲ. ತವರು ಅರಸೀಕೆರೆಯೋ ಕಡೂರೋ ಆಗಿದ್ದು ಅಲ್ಲಿಗೆ ಹೋಗಿದ್ದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದಲ್ಲಿ ಮುಗಿಸುವ ಪ್ರಯತ್ನ ಅಂತ ಕಾಯ್ದೆಯಲ್ಲಿದೆ. ನಡೆಯುವಾಗ ಎಳೆಯುತ್ತದೆ, ಅದನ್ನು ಮೊದಲೇ ಅವಳಿಗೆ ಹೇಳಿಬಿಡಿ. ಅದಕ್ಕೇ ಕೇಸ್ ಮುಗಿಯುವ ಮೊದಲೇ ಕೊಡುವ ಮಧ್ಯಂತರ ಆದೇಶ ಕೇಳಬೇಕು. ಪ್ರತಿ ವಾಯಿದೆಗೆ ಮಂಡಳಿಯಿಂದ ಒಬ್ಬರು ಸರದಿ ಮೇಲೆ ಜೊತೆಗೆ ಹೋಗಿ. ಗಂಡನ ಕಡೆಯವರು ಐದಾರು ಜನ ಬಂದು ಕಾರಿಡಾರಿನಲ್ಲಿ ನಿಂತಿರುತ್ತಾರೆ. ಇವಳು ಒಬ್ಬಳೇ ಕೂತಿರಬಾರದು.

ಎಸ್ಟೇಟ್ ಕಡೆಯ ಸಂಗತಿ ಸ್ವಲ್ಪ ಬೇರೆ. ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡೇ ಬರುತ್ತದೆ. ಗಂಡನನ್ನು ಬಿಟ್ಟರೆ ಸೂರೂ ಹೋಯಿತು. ಅಂಥವರು ಬೇರೆ ಮನೆಯ ವ್ಯವಸ್ಥೆ ಅಥವಾ ಬಾಡಿಗೆ ಗಂಡನೇ ಕೊಡಲಿ ಅಂತ ಕೋರ್ಟಿಗೆ ಕೇಳಬಹುದು. ಮಳೆಗಾಲದಲ್ಲಿ ನೆಟ್‌ವರ್ಕ್ ಇರಲ್ಲ, ಸಂಜೆ ಬಸ್ ತಪ್ಪಿದರೆ ಮತ್ತೆ ಬೆಳಿಗ್ಗೆಯೇ. ರಾತ್ರಿ ಓಡಿ ಬಂದರೆ ಯಾವ ಮನೆಯ ಬಾಗಿಲು ತಟ್ಟಬೇಕು ಅನ್ನುವುದು ಮೊದಲೇ ಗೊತ್ತಿರಬೇಕು.

ಇದು ಭಜನಾ ಮಂಡಳಿಗಷ್ಟೇ ಹೇಳಿದ್ದಲ್ಲ. 2005ರ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಒಂದೇ. ಚರ್ಚಿನಲ್ಲಿ ಮದುವೆ ಮುರಿಯೋ ಹಾಗಿಲ್ಲ ಅಂತ ಹೆದರುವವರಿಗೆ, ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ಇರಬಹುದು ಅಂತ ಕ್ಯಾಥೊಲಿಕ್ ಧರ್ಮಸಭೆಯ ನಿಯಮವೇ ಹೇಳುತ್ತದೆ. ಕ್ರೌರ್ಯದ ಕಾರಣಕ್ಕೆ ಮುಸ್ಲಿಂ ಹೆಂಡತಿ ವಿಚ್ಛೇದನ ಕೇಳಲು 1939ರ ಕಾಯ್ದೆಯೇ ಇದೆ. ಹಿಂದೂಗಳಿಗೆ, ಶ್ರವಣಬೆಳಗೊಳದ ಜೈನರಿಗೆ 1955ರ ಹಿಂದೂ ವಿವಾಹ ಕಾಯ್ದೆ.

ರಾಜಿ ಮಾಡಿಸುವ ಆಸೆ ಇನ್ನೂ ಉಳಿದಿದ್ದರೆ ಅದನ್ನು ಕೋರ್ಟಿಗೆ ಬಿಡಿ. ಆಪ್ತಸಮಾಲೋಚನೆಗೆ ಕಳಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. 2006ರ ನಿಯಮಗಳಲ್ಲಿ ಅದಕ್ಕೊಂದು ಒಳ್ಳೆಯ ಕಟ್ಟುಪಾಡಿದೆ. ಅಲ್ಲಿ ಗಂಡ ತನ್ನ ಹೊಡೆತಕ್ಕೆ ಸಮಜಾಯಿಷಿ ಕೊಡುವಂತಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಎದುರು ಮಾತಾಡಿದಳು ಅನ್ನುವಂತಿಲ್ಲ. ನಮ್ಮ ಜಗಲಿ ಪಂಚಾಯ್ತಿಗಳಲ್ಲಿ ಅರ್ಧ ಹೊತ್ತು ಕಳೆಯುವುದು ಈ ಸಮಜಾಯಿಷಿ ಕೇಳುವುದರಲ್ಲೇ.

ಊರಿಗೆ ಅಂತ ಏನಾದರೂ ಮಾಡಬೇಕು ಅನ್ನಿಸಿದರೆ, ಗುಡಿಯ ಸೂಚನಾ ಫಲಕದಲ್ಲಿ 181 ಮತ್ತು 112 ಬರೆಸಿ. ಯಾರಿಗಾಗಿ ಅಂತ ಹೇಳಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರದವರು ಹಳ್ಳಿಗಳಲ್ಲೂ ಅರಿವು ಕಾರ್ಯಕ್ರಮ ಮಾಡುತ್ತಾರೆ. ನಿಮ್ಮ ಊರಿಗೂ ಬನ್ನಿ ಅಂತ ಪತ್ರ ಕೊಡಿ.

ಕೊನೆಗೆ, ಅವನೇ ಶುಕ್ರವಾರ ಗುಡಿಗೆ ಬಂದು ನನ್ನ ಹೆಂಡತಿ ಏನು ಹೇಳಿದಳು, ಎಲ್ಲಿದ್ದಾಳೆ ಅಂತ ಕೇಳಿದರೆ? ಸುಳ್ಳು ಹೇಳಿದರೆ ದೋಷ ಬರುತ್ತಾ ಅಂತ ಯೋಚಿಸುತ್ತಾ ಕೂರಬೇಡಿ. ಉತ್ತರ ಕೊಡಲೇಬೇಕಿಲ್ಲ. ಒಬ್ಬರೇ ಮಾತಾಡಿ, "ಅದನ್ನು ನಾವು ಹೇಳೋಲ್ಲ, ಏನಿದ್ದರೂ ಸ್ಟೇಷನ್ನಿನಲ್ಲಿ ಕೇಳಿ" ಅನ್ನಿ. ದನಿ ಏರಿಸಿದರೆ ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ. ಯಾರು ಮಾತಾಡುವುದು, ಯಾರು ಫೋನ್ ಮಾಡುವುದು ಅಂತ ಈ ವಾರವೇ ಮಾತಾಡಿಕೊಂಡಿರಿ.