ಬೆಡ್ ಖಾಲಿಯಾದ ಮೇಲಿನ ಹತ್ತು ನಿಮಿಷ

ಐಸಿಯುನಲ್ಲಿ ರೋಗಿಯೊಬ್ಬರು ತೀರಿಕೊಂಡರೆ ನರ್ಸ್ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಗಂಟಲಿನ ಟ್ಯೂಬ್ ತೆಗೆಯಬೇಕು. ಕೆನ್ನೆಯ ಮೇಲೆ ಉಳಿದ ಪ್ಲಾಸ್ಟರಿನ ಅಂಟನ್ನು ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಬೇಕು. ಮನೆಯವರು ಕೊನೆಯ ಸಲ ನೋಡುವ ಮುಖ ಅದು, ಅಲ್ವಾ? ಆಮೇಲೆ ಹಾಸಿಗೆ ಒರೆಸಿ, ಮಾನಿಟರ್ ವೈರುಗಳನ್ನು ಬಿಡಿಸಿಡುವಷ್ಟರಲ್ಲಿ ಫೋನ್ ಬರುತ್ತದೆ: “ಎಮರ್ಜೆನ್ಸಿಯಿಂದ ಒಬ್ಬರನ್ನು ಕಳಿಸ್ತಾ ಇದ್ದೇವೆ, ಬೆಡ್ ರೆಡಿನಾ?”

ಈ ಎರಡರ ನಡುವೆ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಸಿಗದ ದಿನಗಳೇ ಜಾಸ್ತಿ. ಬರ್ನ್‌ಔಟ್, ಅಂದರೆ ಕೆಲಸದ ಒತ್ತಡಕ್ಕೆ ಮನಸ್ಸು ಬತ್ತಿಹೋಗುವುದು, ಹೇಗಿರುತ್ತದೆ ಅಂತ ಯಾರು ಕೇಳಿದರೂ ನಾನು ಇಲ್ಲಿಂದಲೇ ಮಾತು ಶುರು ಮಾಡುತ್ತೇನೆ.

ಬರೀ ಸುಸ್ತಾಗಿದ್ದರೆ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದರೆ ಸಾಕು. ಬರ್ನ್‌ಔಟ್ ಹಾಗಲ್ಲ. ಮನಶ್ಶಾಸ್ತ್ರಜ್ಞೆಯರಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯಲು 1981ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಅದರಲ್ಲಿ ಮೂರು ಸಂಗತಿಗಳನ್ನು ನೋಡುತ್ತದೆ: ಮನಸ್ಸು ಬರಿದಾಗುವುದು, ರೋಗಿಯನ್ನು ಮನುಷ್ಯನಂತೆ ಕಾಣಲಾಗದೆ ಹೋಗುವುದು, ನನ್ನ ಕೆಲಸದಿಂದ ಏನೂ ಸಾಧಿಸುತ್ತಿಲ್ಲ ಅನ್ನಿಸುವುದು. ಹೊರಗಿನವರಿಗೆ ಮೊದಲನೆಯದು ಕಾಣುತ್ತದೆ. ನನಗೆ ಭಯ ಹುಟ್ಟಿಸುವುದು ಎರಡನೆಯದು.

ನಮ್ಮಲ್ಲಿ ಒಬ್ಬ ಜೂನಿಯರ್ ಸಿಸ್ಟರ್ ಇದ್ದಳು. ಪ್ರಜ್ಞೆಯಿಲ್ಲದ ರೋಗಿಯನ್ನು ಮಗ್ಗುಲು ತಿರುಗಿಸುವಾಗಲೂ “ಸ್ವಲ್ಪ ತಿರುಗಿಸ್ತೀನಿ ಅಜ್ಜ, ಈಗ ಆಯ್ತು” ಅಂತ ಮಾತಾಡಿಸುತ್ತಿದ್ದಳು. ಒಂದು ಬೆಳಿಗ್ಗೆ ಹ್ಯಾಂಡ್‌ಓವರ್ ಕೊಡುವಾಗ, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವಾಗ, ಅವಳೇ “ಆರನೇ ಬೆಡ್ ಹೋಯ್ತು” ಅಂದಳು. ಹೋದರು ಅಲ್ಲ, ಹೋಯ್ತು. ಯಾರೂ ತಲೆ ಎತ್ತಿ ನೋಡಲಿಲ್ಲ. ನಾನೂ ಬರೆದುಕೊಳ್ಳುತ್ತಾ ಕೂತಿದ್ದೆ. ಕೆಲವೇ ತಿಂಗಳಲ್ಲಿ ಅವಳು ಐಸಿಯು ಬಿಟ್ಟಳು. ಅವಳು ಕಲ್ಲುಮನಸ್ಸಿನವಳಾಗಿರಲಿಲ್ಲ. ನೋವು ಒಳಗೆ ಬಾರದಂತೆ ಬಾಗಿಲು ಹಾಕಿಕೊಂಡಿದ್ದಳು, ಅಷ್ಟೇ.

ಐಸಿಯುನಲ್ಲಿ ಇನ್ನೊಂದು ಭಾರವಿದೆ. ಸರಿ ಯಾವುದು ಅಂತ ಗೊತ್ತಿದ್ದೂ ಅದನ್ನು ಮಾಡಲಾಗದ ಸಂಕಟ. ನೀತಿಶಾಸ್ತ್ರದ ವಿದ್ವಾಂಸ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ ಇದಕ್ಕೆ ‘ಮಾರಲ್ ಡಿಸ್ಟ್ರೆಸ್’ ಅಂತ ಹೆಸರಿಟ್ಟರು. ರೋಗಿ ಬದುಕುವ ಭರವಸೆ ಉಳಿದಿಲ್ಲ ಅಂತ ಎಲ್ಲರಿಗೂ ಗೊತ್ತು, ಚಿಕಿತ್ಸೆ ಮಾತ್ರ ನಡೆಯುತ್ತಲೇ ಇದೆ. ಡಾಕ್ಟರ ರೌಂಡ್ಸ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಗಂಟಲಿನ ಕಫ ಎಳೆದು ತೆಗೆಯುವ ಸಕ್ಷನ್ ಹಾಕಿದಾಗಲೆಲ್ಲ ಆ ಮುಖ ಕಿವುಚಿಕೊಳ್ಳುವುದನ್ನು ಹನ್ನೆರಡು ಗಂಟೆ ನೋಡುವವಳು ನರ್ಸ್. ನಡುನಡುವೆ ಅಲಾರಂಗಳು. ಅವುಗಳಲ್ಲಿ ಹೆಚ್ಚಿನವು ಸುಮ್ನೆ ಕೂಗುವವು, ಆದರೂ ಪ್ರತಿ ಸಲ ಎದೆ ಧಸಕ್ ಅನ್ನುತ್ತದೆ.

ಇದಕ್ಕೆಲ್ಲ ಪರಿಹಾರ ಅಂತ ಒಮ್ಮೆ ನಮಗೆ ‘ಮನೋಬಲ’ದ ತರಬೇತಿ ಇಟ್ಟರು, ಅದೂ ನೈಟ್ ಡ್ಯೂಟಿ ಮುಗಿದ ಮೇಲೆ. ಉಸಿರಾಟದ ಅಭ್ಯಾಸ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ತಾಳಿಕೊಳ್ಳುವ ಶಕ್ತಿಯನ್ನು ನರ್ಸ್ ಒಬ್ಬಳೇ ಮನೆಯಿಂದ ಹೊತ್ತು ತರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಅನ್ನಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎಂದಿತು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಅವರ ತಂಡ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ತೋರಿಸುತ್ತದೆ. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಬರ್ನ್‌ಔಟ್ ಸಾಧ್ಯತೆ ಶೇ. 23ರಷ್ಟು ಜಾಸ್ತಿಯಿತ್ತು. ವೆಂಟಿಲೇಟರ್ ಮೇಲಿರುವ ಇಬ್ಬರನ್ನು, ಮೂವರನ್ನು ಒಬ್ಬಳಿಗೇ ಕೊಟ್ಟು ಧ್ಯಾನ ಮಾಡು ಅಂದರೆ ಏನಾಗುತ್ತದೆ ಹೇಳಿ.

ಮೊದಲು ಬೇಕಾದದ್ದು ಸಾಕಷ್ಟು ಜನ. ಜನ ಸಿಗುವವರೆಗೂ ವಾರ್ಡಿನೊಳಗೆ ನಾವೇ ಮಾಡಬಹುದಾದ ಕೆಲವು ಇವೆ. ಅಮೆರಿಕದ ವರ್ಜೀನಿಯಾದ ನರ್ಸ್ ಜೋನಾಥನ್ ಬಾರ್ಟೆಲ್ಸ್ ಒಂದು ರೂಢಿ ಶುರು ಮಾಡಿದರು: ಸಾವಿನ ನಂತರ ಆ ಹಾಸಿಗೆಯ ಸುತ್ತ ನಿಂತವರೆಲ್ಲ ಸ್ವಲ್ಪ ಹೊತ್ತು ಮೌನವಾಗಿರುವುದು. ನಾವು ಅದನ್ನು ಪಾಲಿಸುತ್ತೇವೆ. ಡಾಕ್ಟರ್, ನರ್ಸ್, ಆಯಾ, ಎಲ್ಲರೂ ಕೈ ಕೆಳಗಿಟ್ಟು ನಿಲ್ಲುತ್ತೇವೆ. ತೀರಿಕೊಂಡವರ ಹೆಸರನ್ನು ಒಬ್ಬರು ಹೇಳುತ್ತಾರೆ. ಆಮೇಲೆ ಆ ನರ್ಸಿನ ಉಳಿದ ರೋಗಿಯನ್ನು ಪಕ್ಕದವರು ಹತ್ತು ನಿಮಿಷ ನೋಡಿಕೊಳ್ಳುತ್ತಾರೆ. ಇದು ಅವಳು ಕೇಳಿ ಪಡೆಯಬೇಕಾದ ರಜೆಯಲ್ಲ, ಡ್ಯೂಟಿಯ ಭಾಗ.

ಇನ್‌ಚಾರ್ಜ್ ಆಗಿರುವವರಿಗೆ ಒಂದು ಮಾತು. “ಹೇಗಿದ್ದೀಯಮ್ಮ?” ಅಂತ ಕೇಳಬೇಡಿ. “ಚೆನ್ನಾಗಿದ್ದೀನಿ ಮೇಡಂ” ಅನ್ನುವ ಉತ್ತರ ಯಾವಾಗಲೂ ಬಾಯಲ್ಲೇ ಇರುತ್ತದೆ. ನಾನೀಗ “ಟ್ಯೂಬ್ ತೆಗೆಯುವಾಗ ಜೊತೆಗೆ ಯಾರಿದ್ದರು?” ಅಂತ ಕೇಳುತ್ತೇನೆ. “ಒಬ್ಬಳೇ ಇದ್ದೆ” ಅಂದರೆ, ಮುಂದಿನ ಅಡ್ಮಿಷನ್ ಅವಳಿಗೆ ಕೊಡುವುದಿಲ್ಲ.